ಮಕ್ಕಳೆಷ್ಟು ಎಂದು ಕೇಳಿದರು

ಲಿವಾ, ಅಬುಧಾಬಿ
18 ಫೆಬ್ರವರಿ 2001

ಮುದ್ದು ಗಾನವಿಗೆ,

ಅಪ್ಪನ ಸಾವಿರ ಮುತ್ತು. ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಗದ ಬಂದು ಐದು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದಿದ್ದದ್ದು ತಪ್ಪು. ಕೆಲಸ ಹೆಚ್ಚಿತ್ತು ಎಂದರೆ ಅದು ಅರ್ಧ ಮಾತ್ರ ನಿಜ. ಫೋನಿನಲ್ಲಿ ನಾನು ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ ಎಂದಷ್ಟೇ ಕೇಳುತ್ತೇನೆ, ನನ್ನ ವಿಷಯ ಏನೂ ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಜಗಳವಾಡಿದ್ದೀಯಲ್ಲ, ಈಗ ಹೇಳುತ್ತೇನೆ, ಕೇಳು. ಕನ್ನಡ ಕೂಡಿಸಿ ಓದುವುದು ಇನ್ನೂ ಕಷ್ಟವಾದರೆ ಅಜ್ಜಿ ಓದಿ ಹೇಳುತ್ತಾರೆ.

ನಾನು ದುಬೈ ಬಿಟ್ಟು ಆರು ತಿಂಗಳಾಯಿತು. ಇದು ಪೂರಾ ಹಳ್ಳಿ. ನನ್ನ ಮನೆಯ ಮುಂದೆ ಖರ್ಜೂರದ ತೋಟ. ಅದರ ಬೇಲಿ ಮುಗಿದಲ್ಲಿಂದ ಕಣ್ಣು ಹಾಯುವವರೆಗೂ ಮರಳಿನ ದಿಬ್ಬಗಳು. ದುಬೈಯ ಮಿರ್ದಿಫ್‌ ಮನೆಯಲ್ಲಿ ತಲೆಯ ಮೇಲೆ ವಿಮಾನ ಹೋಗುವಾಗ ನಾವೆಲ್ಲ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುತ್ತಿದ್ದೆವು, ನೆನಪಿದೆಯೇ? ಇಲ್ಲಿ ಹಾಗೆ ಮಾತು ತಡೆಯುವ ಸದ್ದೇ ಇಲ್ಲ. ಮೊದಲ ತಿಂಗಳು ಆ ಮೌನಕ್ಕೇ ನನಗೆ ತಲೆನೋವು ಬರುತ್ತಿತ್ತು. ಮನೆಯ ನೆರಳಿನಲ್ಲಿ ಒಂದು ಮಡಿ ಮಾಡಿ ಮೆಂತ್ಯ ಚೆಲ್ಲಿದ್ದೇನೆ. ಎರಡು ಸಲ ಮರಳು ಮುಚ್ಚಿಹಾಕಿತು, ಮೂರನೇ ಸಲ ಚಿಗುರಿದೆ. ಇಲ್ಲಿ ಡಾಕ್ಟರಿಗೆ ಹಕೀಮ್ ಎನ್ನುತ್ತಾರೆ. ಶುಕ್ರವಾರ ಊರಿನ ಗಂಡಸರು ‘ಹಕೀಮ್, ಬಾ’ ಎಂದು ಕರೆದು ಕೂರಿಸಿಕೊಂಡು ಹಾಲು ಸಕ್ಕರೆ ಎರಡೂ ಇಲ್ಲದ ಕಾಫಿ ಕೊಡುತ್ತಾರೆ. ನಿನ್ನ ಅಜ್ಜಿ ಅದನ್ನು ಕಾಫಿ ಎಂದು ಒಪ್ಪುವುದಿಲ್ಲ.

ದುಬೈಯಲ್ಲಿ ನಿನ್ನ ಅಪ್ಪ ಎ.ಸಿ. ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಬೆಕ್ಕುಗಳಿಗೆ ಸೂಜಿ ಚುಚ್ಚುತ್ತಿದ್ದವನು. ಇಲ್ಲಿಗೆ ಬಂದ ಮೂರನೇ ದಿನ ಒಂದು ಒಂಟೆಯ ಹಲ್ಲು ನೋಡಲು ಹೋದೆ. ಅದು ಬಾಯಲ್ಲಿದ್ದ ಹಸಿರು ಮೇವನ್ನೆಲ್ಲ ನನ್ನ ಕನ್ನಡಕದ ಮೇಲೆ ಉಗುಳಿತು. ಅಬ್ದುಲ್ ರವೂಫ್ ನಕ್ಕು ನಕ್ಕು ಮರಳಿನ ಮೇಲೆ ಕೂತೇಬಿಟ್ಟರು. ರವೂಫ್ ವಿಟ್ಲದ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿ ಒಂಟೆ ನೋಡಿಕೊಳ್ಳುತ್ತಿದ್ದಾರೆ. ನನಗೆ ಅರಬಿ ಬಾರದ್ದರಿಂದ ಊರವರ ಮಾತು ನನಗೆ, ನನ್ನ ಮಾತು ಅವರಿಗೆ ತಲುಪಿಸುವುದೂ ಅವರೇ.

“ಡಾಕ್ಟ್ರೇ, ಇದು ಬೆಕ್ಕಲ್ಲ ಮಾರಾಯ್ರೆ. ಮೊದ್ಲು ಹತ್ರ ನಿಂತು ನಾಲ್ಕು ಮಾತಾಡ್ಬೇಕು. ಅದಕ್ಕೆ ನಿಮ್ಮ ಗುರ್ತ ಆಗ್ಬೇಡ್ವಾ?” ಎಂದರು.

ಅಂದಿನಿಂದ ನಾನು ಒಂಟೆಗಳ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ. ಕೆಲವು ಕೇಳಿಸಿಕೊಳ್ಳುತ್ತವೆ.

ಈಗ ದೊಡ್ಡ ಸುದ್ದಿ. ಕಳೆದ ಗುರುವಾರ ಉಮ್ಮ್ ರಾಶಿದ್ ಎಂಬ ಅಜ್ಜಿ ಹೇಳಿಕಳಿಸಿದರು. ಅವರದು ಮೊಮ್ಮಕ್ಕಳು ತುಂಬಿದ ಮನೆ, ಹನ್ನೊಂದು ಒಂಟೆ. ಒಂದು ಒಂಟೆಗೆ ಬೆಳಿಗ್ಗೆಯಿಂದ ನೋವು, ಮರಿ ಬರುತ್ತಿಲ್ಲ. ಹೋಗಿ ನೋಡಿದರೆ ಮರಿಯ ಒಂದು ಮುಂಗಾಲು ಒಳಗೇ ಹಿಂದಕ್ಕೆ ಮಡಚಿಕೊಂಡಿತ್ತು. ನಾನು ಮರಳಿನ ಮೇಲೆ ಮಲಗಿ ಭುಜದವರೆಗೆ ಕೈ ಹಾಕಿದೆ. ಕಾಲು ಸಿಗುತ್ತಿತ್ತು, ಜಾರುತ್ತಿತ್ತು. ಅರ್ಧ ಗಂಟೆಯಾದ ಮೇಲೆ ನನ್ನ ಧೈರ್ಯ ಹೋಯಿತು. ಅಬುಧಾಬಿಯಿಂದ ದೊಡ್ಡ ಡಾಕ್ಟರನ್ನು ಕರೆಸೋಣ ಎಂದೆ. ಉಮ್ಮ್ ರಾಶಿದ್ ಒಂಟೆಯ ತಲೆ ಹಿಡಿದುಕೊಂಡೇ ಏನೋ ಗದರಿದರು.

“ಅವ್ರು ಬರುವಷ್ಟರಲ್ಲಿ ಖಲಾಸ್ ಅಂತೆ. ಒಳಗಿರುವುದು ನಿಮ್ಮ ಕೈ, ನೀವೇ ತೆಗೀಬೇಕಂತೆ. ಯಲ್ಲಾ ಡಾಕ್ಟ್ರೇ!” ಎಂದರು ರವೂಫ್.

ಇನ್ನೊಂದು ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದ ಮರಿ ಉಸಿರಾಡಲಿಲ್ಲ. ಗೋಣಿಯಿಂದ ತಿಕ್ಕಿದೆವು, ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸಿದೆವು. ಆಮೇಲೆ ಅದೊಂದು ಸೀನು ಸೀನಿತು ನೋಡು, ಉಮ್ಮ್ ರಾಶಿದ್ ಜೋರಾಗಿ ದೇವರ ಹೆಸರು ಹೇಳಿದರು. ಸಂಜೆಯೊಳಗೆ ಅದು ತನ್ನ ಉದ್ದುದ್ದ ಕಾಲುಗಳ ಮೇಲೆ ನಡುಗುತ್ತ ಎದ್ದು ನಿಂತಿತು. ಹೆಣ್ಣು ಮರಿ.

ಚೆನ್ನಾಗಿ ಓದು. ಅಜ್ಜಿ ತಲೆಗೆ ಎಣ್ಣೆ ಹಚ್ಚುವಾಗ ಓಡಿಹೋಗಬೇಡ. ದೇವರು ನಿನ್ನನ್ನು ನೂರು ಕಾಲ ಸುಖವಾಗಿಟ್ಟಿರಲಿ, ಕಂದಾ.

ನಿನ್ನ
ಅಪ್ಪ

ಮರೆತ ಮಾತು: ಅತ್ತೆ, ದಯವಿಟ್ಟು ಇಲ್ಲಿಗೆ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ. ಮುಂದಿನದು ನಿಮಗೆ.

ಮರಿ ಎದ್ದು ನಿಂತ ಮೇಲೆ ಉಮ್ಮ್ ರಾಶಿದ್ ನನ್ನ ಕೈಗೆ ನೀರು ಹಾಕುತ್ತ, ನಿನಗೆ ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದೆ. ರವೂಫ್‌ಗೆ ಗಾನವಿಯ ವಿಷಯ ಗೊತ್ತು. ಅವರು ನನ್ನ ಮುಖವನ್ನೇ ನೋಡಿದರು. “ಇದೊಂದು ನನ್ನ ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಡಾಕ್ಟ್ರೇ. ಬೇಕಾದ್ರೆ ನೀವೇ ಹೇಳಿ,” ಎಂದರು. ಇಲ್ಲ ಎನ್ನುವುದಕ್ಕೆ ‘ಮಾಫಿ’ ಎನ್ನುತ್ತಾರೆ ಎಂಬಷ್ಟು ಅರಬಿ ನನಗೆ ಬರುತ್ತಿತ್ತು. ಹೇಳಿಬಿಟ್ಟೆ. ಆ ಹಿರಿಯರು ಎರಡೂ ಕೈ ಎತ್ತಿ, ಇವನಿಗೊಂದು ಮಗು ಕೊಡು ಎಂದು ದೇವರನ್ನು ಬೇಡಿಕೊಂಡರು.

ಇದೆ ಎಂದಿದ್ದರೆ, ಎಲ್ಲಿದೆ ಎಂದು ಕೇಳುತ್ತಿದ್ದರು. ಇಲ್ಲಿ ಶಾಲೆಯಿಲ್ಲ, ಅದಕ್ಕೇ ಅವಳು ನಿಮ್ಮಲ್ಲಿರಲಿ ಎಂದು ನಾನು ಹೇಳಿದ್ದು ಸುಳ್ಳು, ಅತ್ತೆ. ಹತ್ತಿರದ ಪಟ್ಟಣದಲ್ಲಿ ಇಂಡಿಯನ್ ಸ್ಕೂಲಿದೆ, ಇಲ್ಲಿಂದ ಬಸ್ಸೂ ಹೋಗುತ್ತದೆ. ಬಂದ ವಾರವೇ ನನಗೆ ಗೊತ್ತಾಗಿತ್ತು. ಗಾನವಿಯ ದನಿ ಥೇಟ್ ಕುಮುದಾಳದು. ಅವಳು ಪಕ್ಕದ ಕೋಣೆಯಿಂದ ಕೂಗಿದಾಗಲೆಲ್ಲ ಕುಮುದಾ ಒಂದು ಗಳಿಗೆ ಬದುಕಿ ಬರುತ್ತಿದ್ದಳು, ಮರುಗಳಿಗೆ ಮತ್ತೆ ಸಾಯುತ್ತಿದ್ದಳು. ತಡೆಯಲಾರದೆ ಮಗುವನ್ನೇ ದೂರ ಮಾಡಿದೆ. ನೀವು ಹೆತ್ತ ಮಗಳನ್ನು ಕಳೆದುಕೊಂಡವರು, ದಿನವೂ ಅದೇ ದನಿ ಕೇಳುತ್ತ ಅವಳ ಜಡೆ ಹೆಣೆಯುತ್ತಿದ್ದೀರಿ. ಇದು ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ.

ಮರುದಿನ ಹೋಗಿ ಉಮ್ಮ್ ರಾಶಿದ್‌ಗೆ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಹೆಸರು ಮಾತ್ರ ಕೇಳಿದರು. ‘ಗಾನಫಿ’ ಎಂದು ಎರಡು ಸಲ ಹೇಳಿ ನೋಡಿಕೊಂಡರು.

ಅವಳ ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ. ವೀಸಾಕ್ಕೆ ಅರ್ಜಿ ಕೊಟ್ಟಿದ್ದೇನೆ. ನಿಮ್ಮಿಂದ ಅವಳನ್ನು ಕಿತ್ತುಕೊಂಡು ಹೋಗುತ್ತೇನೆಂದು ತಿಳಿಯಬೇಡಿ, ನಿಮಗೂ ಇಲ್ಲಿ ಒಂದು ಕೋಣೆಯಿದೆ. ಗಾನವಿ ಬರಲೊಲ್ಲೆ ಎಂದರೆ, ಅಪ್ಪ ಯಾಕೆ ನನ್ನನ್ನು ಬಿಟ್ಟೆ ಎಂದು ಕೇಳಿದರೆ, ಅವಳ ಎದುರು ಕೂತು ಕೇಳಿಸಿಕೊಳ್ಳಬೇಕಾದವನು ನಾನು. ಅಲ್ಲಿಯವರೆಗೆ ಅವಳಿಗೆ ನನ್ನ ಪರವಾಗಿ ಏನೂ ಹೇಳಬೇಡಿ.

ಪ್ರಹ್ಲಾದ