ತಮ್ಮನಿಗೆ ಆರಿಸಿದ ಡ್ರೈವ್

ಮಾರ್ಚ್ 3, ಸೋಮವಾರ

ಎಲೆಕ್ಟ್ರಾನಿಕ್ಸ್ ಅಂಗಡಿಯ ರಿಟರ್ನ್ ಕೌಂಟರ್. ಬಾಗಿಲು ತೆಗೆಯುತ್ತಲೇ ಶುರು. ಒಬ್ಬ ಹೆಡ್‌ಫೋನ್ ತಂದ — ಒಂದು ಕಡೆ ಕೇಳಿಸುವುದಿಲ್ಲವಂತೆ. ಯಾವ ಕಡೆ ಎಂದರೆ ಅವನಿಗೇ ಗೊತ್ತಿಲ್ಲ. ಇನ್ನೊಬ್ಬಳು ಇಸ್ತ್ರಿಪೆಟ್ಟಿಗೆ ತಂದಳು. ಬಳಸಿಯೇ ಇಲ್ಲ ಎಂದಳು, ತಳದಲ್ಲಿ ಸುಟ್ಟ ಬಟ್ಟೆ ಅಂಟಿಕೊಂಡಿತ್ತು. "ಆಗೋದಿಲ್ಲ ಮೇಡಂ" ಎಂದೆ, ನಗುತ್ತ. ಆಗೋದಿಲ್ಲ ಎನ್ನುವುದಕ್ಕೇ ನನಗೆ ಸಂಬಳ. ಅದರಲ್ಲೊಂದು ಸುಖವೂ ಇದೆ, ಸುಳ್ಳೇಕೆ ಹೇಳಲಿ.

ಆಮೇಲೆ ಮೇಷ್ಟ್ರಂತೆ ಕಾಣುವ ಒಬ್ಬರು. ಎಕ್ಸ್‌ಟರ್ನಲ್ ಡ್ರೈವ್ ತಂದಿದ್ದರು. ನಮ್ಮಲ್ಲಿ ಕೊಂಡದ್ದಲ್ಲ, ಎಲ್ಲೋ ಅಗ್ಗಕ್ಕೆ ಸಿಕ್ಕಿದ್ದು. ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು — ಹಗುರ. ಮೇಲೆ ಎರಡು ಟಿಬಿ ಜಾಗ ಎಂದು ಬರೆದಿದೆ. ಕಂಪ್ಯೂಟರಿಗೆ ಚುಚ್ಚಿದರೂ ಅಷ್ಟೇ ತೋರಿಸುತ್ತದೆ. ಒಳಗೆ ಇರುವುದು ಫೋನಿಗೆ ಹಾಕುವ ಪುಟ್ಟ ಮೆಮೊರಿ ಕಾರ್ಡ್. ಅದು ತುಂಬುವವರೆಗೆ ಎಲ್ಲ ಸರಿ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಫೈಲ್‌ಗಳ ಹೆಸರುಗಳು ಮಾತ್ರ ಸಾಲಾಗಿ ಹಾಗೇ ಇರುತ್ತವೆ. ತೆರೆದರೆ ಏನೂ ಇಲ್ಲ.

"ನಿಮಗೆ ಟೋಪಿ ಹಾಕಿದ್ದಾರೆ ಸಾರ್" ಎಂದೆ. ಅಲ್ಲೇ ಬಿಟ್ಟು ಹೋದರು. ಕೆಂಪು ಟ್ರೇಗೆ ಹಾಕಿದೆ. ಇಂಥವು ಮತ್ತೆ ಯಾರ ಕೈಗೂ ಹೋಗಬಾರದೆಂದು ಶನಿವಾರ ಸಂಜೆ ಒಡೆದು ಹಾಕುವುದು ಅಂಗಡಿಯ ನಿಯಮ. ಒಡೆಯುವವನು ನನ್ನ ಪಕ್ಕದ ಸೀಟಿನವನು. ಅದಕ್ಕೇ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುವುದು.

ಮನೆ. ಕಂಪ್ಯೂಟರಿನ ಮುಂದೆ ತಮ್ಮನ ಕುರ್ಚಿ ಇನ್ನೂ ನನ್ನ ಕುರ್ಚಿಯ ಪಕ್ಕದಲ್ಲೇ ಇದೆ. ಅವನು ಮದುವೆಯಾಗಿ ಬೇರೆ ಮನೆ ಮಾಡಿ ತಿಂಗಳ ಮೇಲಾಯಿತು. ಎತ್ತಿಡಬೇಕು… ಎತ್ತಿಡುವುದಿಲ್ಲ.

ಮಾರ್ಚ್ 6, ಗುರುವಾರ

ತಮ್ಮನ ಫೋನ್.

"ಅಣ್ಣಾ, ಲ್ಯಾಪ್‌ಟಾಪ್ ತುಂಬಿಹೋಯ್ತು. ಇನ್ನೊಂದು ಗೇಮ್ ಹಾಕೋಕೆ ಜಾಗ ಇಲ್ಲ. ಎಕ್ಸ್‌ಟರ್ನಲ್ ಯಾವುದಾದ್ರೂ ತಗೊಳ್ಳೋಣ ಅಂತ. ಯಾವುದು ಅಂತ ನೀನೇ ಹೇಳು."

ನೀನೇ ಹೇಳು! ಲಿಫ್ಟ್ ರಿಪೇರಿಯವನು. ಎಷ್ಟೋ ಮಹಡಿ ಮೇಲೆ ಹಗ್ಗಕ್ಕೆ ನೇತುಬಿದ್ದು ಕೆಲಸ ಮಾಡುತ್ತಾನೆ, ಒಂದು ಚಾರ್ಜರ್ ಕೊಳ್ಳಬೇಕಾದರೆ ಅಣ್ಣನನ್ನು ಕೇಳಬೇಕು. ಖುಷಿಯಾಯಿತು. ಚೆನ್ನಾಗಿ ಕೊರೆದೆ. ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಬೇಡ. ಸಿನಿಮಾ ತುಂಬಿಡಲು ಅದು ಸಾಕು, ಗೇಮ್ ಓಡಿಸಿದರೆ ಲೋಡ್ ಆಗುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದು. ಎಸ್‌ಎಸ್‌ಡಿಯೇ ಬೇಕು. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಇದ್ದರೆ ಅದಕ್ಕೇ ಚುಚ್ಚು. ಹಳೇ ಯುಎಸ್‌ಬಿಗೆ ಚುಚ್ಚಿದರೆ ಎಂಥ ಒಳ್ಳೆಯದು ಕೊಂಡರೂ ದಂಡ. ಕೇಬಲ್ ಗಿಡ್ಡ ಇರಲಿ. ಅಗ್ಗ ಎಂದು ಕಂಡಕಂಡಲ್ಲಿ ಕೊಳ್ಳಬೇಡ.

"ಅಯ್ಯೋ, ಅಷ್ಟೆಲ್ಲ ನನ್ ತಲೆಗೆ ಹೋಗಲ್ಲ ಅಣ್ಣಾ. ನೀನೇ ಆರಿಸಿ ಕೊಡು, ಮುಗೀತು."

ನಾನೇ ತರುತ್ತೇನೆ ಎಂದೆ. ಹೊಸ ಮನೆಗೆ ಅಣ್ಣನ ಕಡೆಯಿಂದ.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಬೆಳಗ್ಗೆಯೇ ಆರಿಸಿಟ್ಟಿದ್ದೆ. ಲೋಹದ ಮೈ, ಅಂಗೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಬಿಲ್ ಮಾಡಿಸುವ ಮುಂಚೆ ಅವನಿಗೆ ಹೇಳೋಣ ಎಂದು ಫೋನ್ ಮಾಡಿದೆ. ಮಾಡಬಾರದಿತ್ತು.

ಅಪ್ಪ ಅಮ್ಮ ತೀರಿಕೊಂಡ ವರ್ಷ ನಾವಿಬ್ಬರೂ ಒಂದು ಗೇಮ್ ಶುರು ಮಾಡಿದ್ದೆವು. ಫುಟ್‌ಬಾಲ್ ಕ್ಲಬ್ ನಡೆಸುವುದು. ಆಟಗಾರರನ್ನು ಕೊಳ್ಳುವುದು, ಮಾರುವುದು ನಾನು. ಮ್ಯಾಚ್ ಆಡಿಸುವುದು ಅವನು. ಮನೆಯಲ್ಲಿ ಮಾತು ನಿಂತುಹೋಗಿದ್ದ ಕಾಲ. ಕ್ಲಬ್ಬಿನ ನೆಪದಲ್ಲಿ ಮಾತಾಡಿದೆವು. ಅವನು ಮನೆ ಬಿಡುವಾಗ ಕ್ಲಬ್ಬಿನ ಒಂದು ಕಾಪಿ ಮಾಡಿಕೊಂಡು ಹೋದ. ಬೇಡ ಎನ್ನಲು ಬಾಯಿ ಬರಲಿಲ್ಲ.

"ಅಣ್ಣಾ, ಹೇಳೋದೇ ಮರೆತೆ. ಗೋಲ್‌ಕೀಪರ್‌ನ ಮಾರಿಬಿಟ್ಟೆ."

"ಯಾರನ್ನೋ?"

"ಅದೇ, ನಮ್ಮ ಮುದುಕಪ್ಪನ್ನ. ಇವಳೇ ಹೇಳಿದ್ಲು, ವಯಸ್ಸಾಯ್ತಲ್ಲ, ಇಟ್ಕೊಂಡು ಏನ್ಮಾಡ್ತೀರಾ ಅಂತ. ಇವಳ ತಲೆ ನೋಡು ಅಣ್ಣಾ, ಇಷ್ಟು ಬೇಗ ಎಲ್ಲಾ ಕಲ್ತುಬಿಟ್ಲು!"

ಹಿಂದೆ ಅವನ ಹೆಂಡತಿ ನಗುವುದು ಕೇಳಿಸಿತು. ನಾನೂ ನಕ್ಕೆ. ನನ್ನ ಕೆಲಸ ಅವಳ ಕೈಗೆ ಹೋಗಿದೆ, ನನ್ನನ್ನು ಒಂದು ಮಾತು ಕೇಳದೆ. ಹೊಟ್ಟೆ ಉರಿಯಿತು. ಇನ್ನೂ ಉರಿಯುತ್ತಿದೆ.

ಸುತ್ತಿಗೆ ಊಟಕ್ಕೆ ಹೋದ. ಒಳ್ಳೆಯ ಡ್ರೈವನ್ನು ಶೆಲ್ಫಿಗೆ ವಾಪಸಿಟ್ಟೆ. ಡಿಸ್‌ಪ್ಲೇಗೆ ತೆಗೆದದ್ದರ ಖಾಲಿ ಡಬ್ಬಿ ಇತ್ತು. ಮೇಷ್ಟ್ರ ಡ್ರೈವನ್ನು ಟ್ರೇಯಿಂದ ಎತ್ತಿ, ಒರೆಸಿ, ಆ ಡಬ್ಬಿಯಲ್ಲಿಟ್ಟೆ. ಅಲ್ಲಿ ಗೇಮ್ ಕೆಡಲಿ. ಅಲ್ಲಿ ಕೆಟ್ಟರೆ ಇಲ್ಲಿಗೆ ಬರಲೇಬೇಕು. ನಮ್ಮ ಕಂಪ್ಯೂಟರಿನಲ್ಲಿ ಕ್ಲಬ್ ಹಾಗೇ ಇದೆ, ಗೋಲ್‌ಕೀಪರ್ ಸಮೇತ. ಭಾನುವಾರ ಬಂದು ಕೂತರೆ ಸಾಕು. ನಾನೇನು ಅವನ ಸಂಸಾರ ಮುರಿಯುತ್ತಿಲ್ಲ.

ಮಾರ್ಚ್ 9, ಭಾನುವಾರ

ಕೊಟ್ಟು ಬಂದೆ. ಎರಡೇ ಕೋಣೆ. ವಾಷಿಂಗ್ ಮಷಿನ್ ಬಂದ ರಟ್ಟಿನ ಪೆಟ್ಟಿಗೆಯೇ ಟೇಬಲ್, ಮೇಲೊಂದು ಚಾದರ. ಡ್ರೈವ್ ಚುಚ್ಚಿದ ಕೂಡಲೇ ಎರಡು ಟಿಬಿ ತೋರಿಸಿತು. ಗಂಡ ಹೆಂಡತಿ ಇಬ್ಬರೂ ಚಪ್ಪಾಳೆ ತಟ್ಟಿದರು. ತಮ್ಮ ಮೊದಲು ಕ್ಲಬ್ಬನ್ನೇ ಅದಕ್ಕೆ ಸಾಗಿಸಿದ.

"ಭಾವ, ಇಷ್ಟು ದೊಡ್ಡದು ಯಾಕೆ ತಂದ್ರಿ? ಸುಮ್ನೆ ನಿಮಗೆ ಖರ್ಚು."

"ಇರಲಿ ಕಣಮ್ಮಾ, ಜಾಗ ಎಷ್ಟಿದ್ರೂ ಬೇಕಾಗುತ್ತೆ."

ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ಮತ್ತೆ ಮಾತಾಡಲು ಕಲಿಸುವುದು. ಕೆಲಸ ಇನ್ನೂ ಖಾಯಂ ಆಗಿಲ್ಲವಂತೆ. ಒಳ್ಳೆಯ ಹುಡುಗಿಯೇ ಇರಬಹುದು. ನನಗೇನಾಗಬೇಕು.

ಮಾರ್ಚ್ 16, ಭಾನುವಾರ

ತಮ್ಮನ ಫೋನ್. "ಸ್ವಲ್ಪ ಸ್ಲೋ ಅನ್ಸುತ್ತಲ್ಲ ಅಣ್ಣಾ?"

"ಕೇಬಲ್ ಬದಲಾಯಿಸಿ ನೋಡು."

ಬರಲಿಲ್ಲ.

ಮಾರ್ಚ್ 30, ಭಾನುವಾರ

ಬರಲಿಲ್ಲ. ದರಿದ್ರದ್ದು ಇನ್ನೂ ತುಂಬಿಲ್ಲ. ನಾನೇ ಫೋನ್ ಮಾಡಿದೆ. "ಹೊಸ ಕಾರ್ ರೇಸ್ ಗೇಮ್ ಬಂದಿದೆ ಕಣೋ, ಭರ್ಜರಿಯಾಗಿದೆ. ಸೈಜು ದೊಡ್ಡದು. ನಿನಗೇನು, ಜಾಗ ಇದೆಯಲ್ಲ. ಹಾಕ್ಕೋ."

"ನೀನು ಹೇಳಿದ್ಮೇಲೆ ಆಯ್ತು" ಎಂದ.

ಏಪ್ರಿಲ್ 2, ಬುಧವಾರ

ಆಯಿತು.

ಬೆಳಗ್ಗೆ ಫೋನ್. ಉಸಿರು ಕಟ್ಟಿಕೊಂಡು ಮಾತಾಡುತ್ತಿದ್ದ. "ಅಣ್ಣಾ, ಯಾವುದೂ ಓಪನ್ ಆಗ್ತಿಲ್ಲ. ಕ್ಲಬ್ ಹೋಯ್ತು. ಇವಳದ್ದೂ ಹೋಯ್ತು."

"ಇವಳದ್ದು ಏನು?"

ಅವಳ ರೆಕಾರ್ಡಿಂಗ್‌ಗಳು. ಒಬ್ಬೊಬ್ಬ ರೋಗಿ ಬಂದ ದಿನ ಹೇಗೆ ತೊದಲುತ್ತಿದ್ದ, ಆಮೇಲೆ ಮೊದಲ ಮಾತು ಯಾವುದು ಆಡಿದ, ಹೆಂಡತಿಯ ಹೆಸರು ಯಾವಾಗ ಹೇಳಿದ — ಎಲ್ಲ. ಅದನ್ನು ದೊಡ್ಡ ಡಾಕ್ಟರುಗಳ ಮುಂದೆ ತೋರಿಸಿದರೆ ಕೆಲಸ ಖಾಯಂ. ಲ್ಯಾಪ್‌ಟಾಪಿನಲ್ಲಿ ಜಾಗ ಆಗಲಿ ಎಂದು ಎಲ್ಲವನ್ನೂ ಡ್ರೈವಿಗೆ ಸಾಗಿಸಿದ್ದಳಂತೆ. ಅಣ್ಣ ಕೊಟ್ಟದ್ದು, ಗಟ್ಟಿ ಇರುತ್ತದೆ ಎಂದು ಇವನೇ ಹೇಳಿದನಂತೆ.

ನನಗೆ ಗೊತ್ತಿರಲಿಲ್ಲ. ಗೇಮ್ ಬೇರೆ, ಇದು ಬೇರೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಆ ಕಡೆ ತಿರುಗಿ ಕೂಗಿದ: "ಕೇಬಲ್ ಸುಮ್ಸುಮ್ನೆ ಎಳಿಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿನಗೆ? ಗುಡಿಸೋವಾಗ ಕಿತ್ತು ಬಿಸಾಕಿದ್ದೆ ಅಲ್ವಾ ನಿನ್ನೆ?" ಅವಳು ಏನೋ ಹೇಳಿದಳು. ಅವನು ಇನ್ನೂ ಜೋರಾದ. ನನ್ನ ತಮ್ಮ ಆ ದನಿಯಲ್ಲಿ ಕೂಗುತ್ತಾನೆಂದು ಗೊತ್ತಿರಲಿಲ್ಲ.

ತೆರೆದ ಬಾಯಿ ಮುಚ್ಚಿದೆ.

ಏಪ್ರಿಲ್ 3, ಗುರುವಾರ

ಬ್ಯಾಗ್ ಹಿಡಿದು ಬಂದುಬಿಟ್ಟಿದ್ದಾನೆ. ಮುಖ ಊದಿಕೊಂಡಿದೆ. "ಸ್ವಲ್ಪ ದಿನ ಇಲ್ಲೇ ಇರ್ತೀನಿ ಅಣ್ಣಾ." ಇರು ಎಂದೆ. ಹಾಸಿಗೆಗೆ ಒಗೆದ ಹೊದಿಕೆ ಹಾಕಿದೆ.

ಏಪ್ರಿಲ್ 6, ಭಾನುವಾರ

ಇಡೀ ದಿನ ಆಡಿದೆವು. ಮಧ್ಯಾಹ್ನದ ಊಟ ಕೀಬೋರ್ಡಿನ ಪಕ್ಕದಲ್ಲೇ. ನಮ್ಮ ಗೋಲ್‌ಕೀಪರ್ ಕೊನೇ ನಿಮಿಷದಲ್ಲಿ ಪೆನಾಲ್ಟಿ ತಡೆದ. ಇಬ್ಬರೂ ಎದ್ದು ಕುಣಿದೆವು, ಕೆಳಗಿನ ಮನೆಯವರು ಕೋಲಿನಲ್ಲಿ ಚಾವಣಿ ಕುಟ್ಟಿದರು. "ಇವನನ್ನ ಮಾರಿದ್ನಲ್ಲ, ನನಗೆ ಬುದ್ಧಿ ಇರ್ಲಿಲ್ಲ" ಎಂದ ತಮ್ಮ. ಇಷ್ಟು ಸಂತೋಷವಾಗಿ ಯಾವ ಕಾಲವಾಯಿತೋ. ನಾಚಿಕೆಯಾಗಬೇಕು ನನಗೆ. ಆಗಲಿಲ್ಲ, ಹೊಟ್ಟೆ ತುಂಬ ಊಟ ಮಾಡಿದೆ.

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಅವಳು ಕೌಂಟರಿಗೆ ಬಂದಳು. ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಂತೇ ಬಂದಳು. ಕರ್ಚೀಫಿನಲ್ಲಿ ಸುತ್ತಿದ ಡ್ರೈವ್.

"ಭಾವ, ಒಂದ್ಸಲ ಪರೀಕ್ಷೆ ಮಾಡಿ ಹೇಳ್ತೀರಾ? ನಾನು ಕೇಬಲ್ ಕಿತ್ತಿದ್ದಕ್ಕೇ ಹೀಗಾಯ್ತಾ? ಅದೊಂದು ಗೊತ್ತಾದ್ರೆ ಸಾಕು. ಅವರು ನನ್ ಜೊತೆ ಮಾತಾಡ್ತಿಲ್ಲ."

ಸುತ್ತಿಗೆ ಪಕ್ಕದಲ್ಲೇ ಇದ್ದ. ಅವನು ಕೈ ಚಾಚುವ ಮುಂಚೆ ನಾನೇ ತೆಗೆದುಕೊಂಡೆ. ಹಿಂದಿನ ಕೋಣೆಗೆ ಹೋದೆ. ಏನೂ ಮಾಡಲಿಲ್ಲ, ಸುಮ್ಮನೆ ಗೋಡೆ ನೋಡುತ್ತ ನಿಂತೆ. ಅವಳು ತಪ್ಪಿತಸ್ಥೆ ಅಲ್ಲ ಎಂದರೆ ಅವನು ಸಂಜೆಯೇ ಅಲ್ಲಿಗೆ ಹೋಗುತ್ತಾನೆ. ಡ್ರೈವ್ ಎಲ್ಲಿಂದ ಬಂತು ಎಂದು ಕೇಳುತ್ತಾನೆ. ವಾಪಸ್ ಬಂದೆ.

"ಹೌದಮ್ಮಾ. ಓಡ್ತಿರೋವಾಗ ಎಳೆದ್ರೆ ಹೀಗೇ ಆಗೋದು."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿದಳು. "ಸರಿ ಭಾವ. ನೀವು ಅವರಿಗೆ ಹೇಳಬೇಡಿ, ನಾನೇ ಹೇಳ್ತೀನಿ. ಪಾಪ, ನೀವು ಅಷ್ಟು ಪ್ರೀತಿಯಿಂದ ತಂದುಕೊಟ್ಟಿದ್ದು." ಡ್ರೈವನ್ನು ಕೌಂಟರಿನ ಮೇಲೇ ಬಿಟ್ಟು ಹೋದಳು.

ಸುತ್ತಿಗೆ ಡ್ರೈವನ್ನು ಎತ್ತಿ ಅಂಗೈಯಲ್ಲಿ ಒಮ್ಮೆ ತೂಗಿದ.

"ಇದು ನಮ್ ಟ್ರೇದು."

ಮುಂದಿನ ಟೋಕನ್ ನಂಬರ್ ಕೂಗಿದೆ.

"ಆ ಹುಡುಗಿ ನಿನ್ನ ತಮ್ಮನ ಹೆಂಡ್ತಿ ಅಲ್ವೇನೋ?"

"ನಿನ್ನ ಕೆಲಸ ನೋಡ್ಕೋ" ಎಂದೆ. ಶನಿವಾರ ಒಡೆಯುವವನು, ಅಲ್ಲೇ ಆ ಕ್ಷಣವೇ ಒಡೆದ. ಮೂರು ಏಟು. ಒಳಗಿಂದ ಉಗುರಿನಷ್ಟು ಕಾರ್ಡ್ ಹಾರಿ ನನ್ನ ಮುಂದೆ ಬಿತ್ತು. ಸಂಜೆ ಚಹಾಕ್ಕೆ ನನ್ನನ್ನು ಕರೆಯದೆ ಹೋದ.

ಏಪ್ರಿಲ್ 13, ಭಾನುವಾರ

ನಿನ್ನೆ ನಾನು ಅಂಗಡಿಯಲ್ಲಿದ್ದಾಗ ಅವಳು ಇಲ್ಲಿಗೆ ಬಂದು ಇವನ ಮುಂದೆ ಒಪ್ಪಿಕೊಂಡಳಂತೆ. "ತಪ್ಪು ನನ್ನದೇ, ಭಾವನೇ ನೋಡಿ ಹೇಳಿದ್ರು" ಎಂದಳಂತೆ. ಇವನು ಕರಗಿಹೋದ. "ಅವಳ ವರ್ಷಗಳ ದುಡಿಮೆ ಹೋಗಿದೆ ಅಣ್ಣಾ, ನಾನು ಗೇಮ್ ಹೋಯ್ತು ಅಂತ ಅವಳ ಮೇಲೆ ಕೂಗಾಡ್ದೆ. ಮನುಷ್ಯನಾ ನಾನು?" ಬ್ಯಾಗ್ ತುಂಬಿದ. ಅರ್ಧಕ್ಕೆ ನಿಲ್ಲಿಸಿದ್ದ ಮ್ಯಾಚ್ ಹಾಗೇ ಇದೆ.

ಮೇ 18, ಭಾನುವಾರ

ಬರೆಯುವಂಥದ್ದೇನೂ ಇರಲಿಲ್ಲ ಇಷ್ಟು ದಿನ.

ಇವತ್ತು ಫೋನ್. ತೋರಿಸಲು ಏನೂ ಇಲ್ಲದ್ದರಿಂದ ಆಸ್ಪತ್ರೆಯವರು ಅವಳನ್ನು ಖಾಯಂ ಮಾಡಲಿಲ್ಲ. ಬೇರೆ ಊರಿನಲ್ಲಿ ಒಂದು ಸಣ್ಣ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ.

"ನೀನೂ ಹೋಗ್ತೀಯಾ?"

"ಲಿಫ್ಟು ಎಲ್ಲಾ ಊರಲ್ಲೂ ಕೆಡುತ್ತೆ ಅಣ್ಣಾ" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಅವಳನ್ನ ಒಬ್ಬಳೇ ಕಳಿಸೋಕಾಗಲ್ಲ."

ಅರ್ಧ ಗಂಟೆಯ ದಾರಿಯಲ್ಲಿದ್ದ. ಭಾನುವಾರಕ್ಕೊಮ್ಮೆ ಬರಲಿ ಎಂದು ಮಾಡಿದ್ದು ನಾನು.

ಮೇ 25, ಭಾನುವಾರ, ಸಂಜೆ

ಹೇಳಿ ಹೋಗಲು ಬಂದಿದ್ದಾನೆ. ಅವಳು ಕೆಳಗೆ ಸಾಮಾನಿನ ಗಾಡಿಯಲ್ಲಿ ಕೂತಿದ್ದಾಳಂತೆ. ಮೇಲೆ ಬರಲು ಹೇಳು ಎಂದೆ. "ಬೇಡ ಅಣ್ಣಾ, ನಿನ್ನ ಮುಖ ನೋಡೋಕೆ ಅವಳಿಗೆ ಸಂಕೋಚ. ನೀನು ಕೊಟ್ಟಿದ್ದನ್ನ ಹಾಳು ಮಾಡಿದೆ ಅಂತ. ಈಗ್ಲೂ ಯಾವ ಕೇಬಲ್ ಮುಟ್ಟೋಕೂ ಹೆದರ್ತಾಳೆ. ಫೋನ್ ಚಾರ್ಜಿಗೆ ಹಾಕಿದ್ರೂ ತೆಗೆಯೋಕೆ ನನ್ನನ್ನೇ ಕರೀತಾಳೆ."

ಕುರ್ಚಿಯಲ್ಲಿ ಕೂತ. ಕ್ಲಬ್ ತೆರೆದು ಸ್ವಲ್ಪ ಹೊತ್ತು ಆಟಗಾರರ ಮುಖ ನೋಡಿದ.

"ಇದನ್ನ ಅಳಿಸಿಬಿಡ್ಲಾ ಅಣ್ಣಾ? ಅವಳೇನೂ ಕೇಳಿಲ್ಲ, ನನಗೇ ಬೇಡ. ಇದಕ್ಕೋಸ್ಕರ ಅವಳನ್ನ ಏನೇನೋ ಅಂದುಬಿಟ್ಟೆ. ಇಲ್ಲಿದೆ ಅಂತ ಗೊತ್ತಿದ್ರೆ ಮನಸ್ಸು ಎಳೀತಾನೇ ಇರುತ್ತೆ. ನಿನ್ನದೂ ಅಲ್ವಾ, ಅದಕ್ಕೇ ಕೇಳ್ತಿದ್ದೀನಿ. ಒಬ್ಬನೇ ಆಡ್ತೀಯಾ?"

ಅವಳು ಏನೂ ಮಾಡಿಲ್ಲ ಕಣೋ ಎಂದಿದ್ದರೆ ಅವನ ಬೆರಳು ನಿಲ್ಲುತ್ತಿತ್ತು. ಆಮೇಲೆ ನನ್ನ ಕಡೆ ತಿರುಗುತ್ತಿದ್ದ.

"ಒಬ್ಬನೇ ಯಾರು ಆಡ್ತಾರೆ. ಒತ್ತು."

ಒತ್ತಿದ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅದಕ್ಕೂ ನನ್ನ ಮುಖ ನೋಡಿದ. ತಲೆಯಾಡಿಸಿದೆ. ಅಷ್ಟೇ, ಹೋಯಿತು.

ಈಗ ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳುತ್ತಿದ್ದಾನೆ. ನಾನು ಟೇಬಲ್ ಬಿಟ್ಟು ಎದ್ದಿಲ್ಲ. ಹೇಳುವುದಿದ್ದರೆ ಈಗಲೇ ಹೇಳಬೇಕು, ಅವಳು ಇನ್ನೂ ಕೆಳಗೇ ಇದ್ದಾಳೆ. ಒಂದು ಶೂ ಆಯಿತು. ಇನ್ನೊಂದರ ಲೇಸ್ ಗಂಟು ಬಿದ್ದಿದೆ, ಉಗುರಿನಿಂದ ಬಿಡಿಸುತ್ತಿದ್ದಾನೆ. "ಅದೇನು ಯಾವಾಗ್ಲೂ ಬರೀತಿರ್ತೀಯಾ ಅಣ್ಣಾ?" ಎಂದ. ಏನಿಲ್ಲ ಕಣೋ ಎಂದೆ. ಗಂಟು ಬಿಟ್ಟಿತು. ಎದ್ದು ನಿಂತ, ನನ್ನ ಕಡೆ ಬರುತ್ತಿದ್ದಾನೆ, ಕಾಲಿಗೆ ನಮಸ್ಕಾರ ಮಾಡಲೆಂದು ಬಗ್ಗು—