ಗೆಣಸಿನ ಹೊಲದ ಮಣ್ಣು

ಕಲ್ಯಾಣದುರ್ಗ, ಗುರುವಾರ

ಉಮಕ್ಕನಿಗೆ ನರೇಂದ್ರನ ನಮಸ್ಕಾರ.

ಫೋನ್ನಾಗೆ ಹೇಳಕ್ಕೆ ಬಾಯಿ ಬರಲಿಲ್ಲ, ಅದ್ಕೆ ಬರೀತಿದೀನಿ. ನಾನು ಪರಿಗಿಯಿಂದ ನಮ್ಮ ಲ್ಯಾಬಿಗೆ ತಂದ ನಿಮ್ಮ ಹೊಲದ ಮಣ್ಣಿನ ರಿಪೋರ್ಟ್ ಬಂತು. ಪಕ್ಕದ ಶೆಡ್ಡಿನಾಗೆ ಹಳೇ ಬ್ಯಾಟರಿ ಕರಗಿಸ್ತಿದ್ರಲ್ಲ, ಅದ್ರೊಳಗಿನ ವಿಷದ ಸೀಸ ಮಣ್ಣಿಗೆ ಇಳಿದೈತೆ.

ಹೋದ ವರ್ಷ ಗೆಣಸಿನ ಬಳ್ಳಿ ಒಣಗ್ತಿದ್ದಾಗ ಬೇರಿಗೆ ಬಲ ಕೊಡೋ ಶಿಲೀಂಧ್ರದ ಪುಡಿ ಹಾಕಿಸಿದ್ದು ನಾನೇ. ಅದು ಬೇರನ್ನ ತಬ್ಕೊಂಡು ಸೀಸಾನ ಅಲ್ಲೇ ಹಿಡಿದಿಟ್ಕೊಂತೈತೆ, ಎಲೆಗೆ ಹೆಚ್ಚು ಬಿಡಲ್ಲ. ಗಿಡ ಬದುಕೋದು ಹಂಗೇ. ಬಳ್ಳಿ ಮತ್ತೆ ಚಿಗುರಿದಾಗ "ನೋಡ್ಲಾ, ಎಂಗೆ ಹಬ್ಬೈತೆ!" ಅಂದೆ ನೀನು. "ಹಸುರಾಗೈತಲ್ಲಕ್ಕ, ಭಯ ಇಲ್ಲ, ಮಗೀಗೆ ಬೇಯಿಸ್ಕೊಡು" ಅಂದೆ ನಾನು. ಗೆಣಸು ಅಂದ್ರೇನೇ ಬೇರು ಅನ್ನೋದು ಇಷ್ಟು ಓದಿದೋನಿಗೆ ಹೊಳೀಲಿಲ್ಲ.

ನಿನ್ನ ಮಗಳಿಗೆ ಬಂದಿದ್ದ ಮಾತು ಯಾಕೆ ನಿಂತೋಯ್ತು ಅಂತ ಕೇಳ್ತಿದ್ದೆಯಲ್ಲ, ನನಗೀಗ ಇದರ ಮೇಲೇ ಅನುಮಾನ.

ಸೋಮವಾರ ಬತ್ತೀನಿ. ರಕ್ತ ಪರೀಕ್ಷೆಗೆ ಹಿಂದೂಪುರಕ್ಕೆ ಕರ್ಕೊಂಡೋಗಾನ. ಉಳಿದಿರೋ ಗೆಣಸು ಕುರಿಗೂ ಹಾಕ್ಬ್ಯಾಡ. ಸೀಸದಿಂದ ಹೋಗಿದ್ದು ಔಷಧಿಯಿಂದ ಪೂರಾ ವಾಪಸ್ ಬರಲ್ಲ ಅಂತಾರೆ ಡಾಕ್ಟ್ರು. ಭಾವನಿಗೆ ನಾನೇ ಹೇಳ್ತೀನಿ.

ಬಯ್ಯೋದಾದ್ರೆ ಮಗೀನ ಮುಂದೆ ಬಯ್ಯಬ್ಯಾಡಕ್ಕ. ನನ್ನ ಕಂಡ್ರೆ ಅದು ಇನ್ನೂ ಕೈ ಚಾಚ್ತೈತೆ.

ನಿನ್ನ ತಮ್ಮ,
ನರೇಂದ್ರ