ಗೊತ್ತಿಲ್ಲದವರ ಬೆಂಚನ್ನು ಒಳಗೆ ಹಾಕಿಸಿಕೊಡಿ

ಸಾರ್ವಜನಿಕ ಕಟ್ಟಡಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬೆಂಚನ್ನು ಕೋಣೆಯಿಂದ ಹೊರಗೆ ಹಾಕಿಸಿದ್ದೀರಿ. ದಯವಿಟ್ಟು ಮತ್ತೆ ಒಳಗೆ ಹಾಕಿಸಿಕೊಡಿ. ಹೇಳಬೇಕಾದ್ದು ಇಷ್ಟೇ. ಆದರೆ ಇಷ್ಟೇ ಬರೆದು ನಿಲ್ಲಿಸಿದರೆ ಉದ್ಧಟತನ ಅನ್ನಿಸೀತೆಂದು ಹೆದರಿ ಮುಂದಕ್ಕೂ ಬರೆಯುತ್ತಿದ್ದೇನೆ. ಉದ್ದವಾದರೆ ತಲೆಹರಟೆ ಅನ್ನಿಸೀತೇನೋ ಎಂಬ ಹೆದರಿಕೆಯೂ ಇದೆ. ಹೆದರುವುದರಲ್ಲಿ ನನ್ನ ಕೈ ಪಳಗಿದೆ. ಲಿಫ್ಟ್ ನಡೆಸುವವನು ನಾನು. ನಡುವೆ ನಿಂತುಬಿಟ್ಟರೆ ಏನು ಗತಿ ಎಂದು ದಿನವಿಡೀ ಯೋಚಿಸುವುದಕ್ಕೇ ನನಗೆ ಸಂಬಳ. ಹೌದು, ನಿಮ್ಮ ಕಚೇರಿಯದೇ ಲಿಫ್ಟು. ದಿನಾ ಬೆಳಿಗ್ಗೆ ನಿಮ್ಮನ್ನು ಮೇಲಕ್ಕೆ ಏರಿಸುವವನು ನಾನೇ. ನೀವು ನನ್ನ ಬೆನ್ನನ್ನು ಕಂಡಿದ್ದೀರಿ, ಮುಖ ಕಂಡಿರಲಿಕ್ಕಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಗುಂಡಿಗಳಿರುವುದು ಆ ಕಡೆ. ಲಿಫ್ಟಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀರೇನೋ. ಈ ಮಾತಿಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರತಿ ಸಲ ನಿಮ್ಮ ಮಹಡಿ ಬಂದುಬಿಡುತ್ತದೆ. ಅದಕ್ಕೇ ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆದೆ. ಇದು ಧೈರ್ಯ ಅಂತ ದಯವಿಟ್ಟು ತಿಳಿಯಬೇಡಿ.

ಹಳೆಯ ಬಸ್ ಡಿಪೋದಲ್ಲಿ ಮೊದಲು ಪಾಸ್ ಕೊಡುತ್ತಿದ್ದ ಕೋಣೆ ತಮ್ಮ ಸುಪರ್ದಿನಲ್ಲಿದೆ. ಅದರಲ್ಲಿ ಸಂಜೆ ಹೊತ್ತು ಬಡವರ ಮಕ್ಕಳನ್ನು ಕೂರಿಸಿ ಓದಿಸುವ ಸಂಘವೊಂದಿದೆ. ಅದನ್ನು ನಡೆಸುವವರು ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ನಮಗೆಲ್ಲ ದೊಡ್ಡಕ್ಕ. ಚೀಲ ಇಲ್ಲದವರಿಗೆ ಚೀಲ, ಬೂಟು ಇಲ್ಲದವರಿಗೆ ಬೂಟು, ಮನೆಯಲ್ಲಿ ಕೂತು ಬರೆಯಲು ಮೂಲೆಯೂ ಇಲ್ಲದವರಿಗೆ ಒಂದು ಮೇಜು, ಒಂದು ದೀಪ. ಇಷ್ಟನ್ನು ತಾವು ಮೆಚ್ಚಿಕೊಂಡಿರಿ, ಚೀಲಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಿ. ಫೋಟೋದಲ್ಲಿ ಚೆನ್ನಾಗಿಯೇ ಬಂದಿದ್ದೀರಿ. ಆಮೇಲೆ ಗೋಡೆ ಪಕ್ಕದ ಬೆಂಚು ನಿಮ್ಮ ಕಣ್ಣಿಗೆ ಬಿತ್ತು, ನಮ್ಮ ಗ್ರಹಚಾರ ಕೆಟ್ಟಿತು.

ಆ ಬೆಂಚಿನ ಹೆಸರು ಗೊತ್ತಿಲ್ಲದವರ ಬೆಂಚು. ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರು ಕೂರುವ ಜಾಗ ಅದು. ಮಗು ಅವತ್ತಿನ ಪಾಠ ಓದಿ ಮುಗಿಸಿದರೆ ಸಾಲದು, ಬೆಂಚಿನ ಮೇಲಿರುವ ಒಬ್ಬರಿಗೆ ಅದನ್ನು ತಿಳಿಯುವ ಹಾಗೆ ಹೇಳಬೇಕು. ಅವರು ತಲೆ ಆಡಿಸಿದ ಮೇಲೇ ಮನೆಗೆ ಹೋಗುವುದು. ನಮಗೂ ಒಂದು ನಿಯಮ ಉಂಟು: ಬೆಂಚಿನ ಮೇಲೆ ಕೂತವರಿಗೆ ಏನೂ ಗೊತ್ತಿರಬಾರದು. ಗೊತ್ತಿದ್ದರೂ ಗೊತ್ತಿಲ್ಲ ಅನ್ನಬೇಕು, ತಪ್ಪು ಕಂಡರೂ ತಪ್ಪು ಅನ್ನಬಾರದು, "ಯಾಕೆ?" ಅಂತ ಮಾತ್ರ ಕೇಳಬಹುದು. ಬೀಗ ರಿಪೇರಿ ಮಾಡುವ ಅಜ್ಜ ಇದರಲ್ಲಿ ಮಹಾ ನಟ. ನನಗೆ ನಟನೆಯ ಕಷ್ಟವೇ ಬಂದಿಲ್ಲ, ನನಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಐದನೇ ತರಗತಿಯಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿದಾಗ ನಾಲಿಗೆ ಏಳಲಿಲ್ಲ. ಮರುದಿನದಿಂದ ಹೋಗಲಿಲ್ಲ, ಮತ್ತೆ ಸೇರಿಸಿದರು, ಮತ್ತೆ ಬಿಟ್ಟೆ. ಹಾಗಾಗಿ ನನ್ನ ವಿದ್ಯೆಯೂ ಮಹಡಿಗಳ ನಡುವೆ ನಿಂತ ಲಿಫ್ಟೇ.

ನನ್ನ ಮಗಳದೂ ಇದೇ ನಾಲಿಗೆ. ಬಂಧುಗಳೆಲ್ಲ ಅವಳನ್ನು ಮುಚ್ಚಳ ಅಂತಲೇ ಕರೆಯುವುದು. ಬರೆಯಲು ಕೊಟ್ಟರೆ ಬರೆಯುತ್ತಾಳೆ, ಎದ್ದು ನಿಂತು ಹೇಳು ಅಂದರೆ ನೆಲ ನೋಡುತ್ತಾಳೆ. "ಪರೀಕ್ಷೆ ಹೊತ್ತಿಗೆ ಪ್ರತಿಯೊಬ್ಬರೂ ಕ್ಲಾಸಿನ ಮುಂದೆ ನಿಂತು ಒಂದು ಪಾಠ ವಿವರಿಸಬೇಕು. ಬಾಯಿ ಬಿಡದಿದ್ದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ," ಅಂದಿದ್ದಾರೆ ಅವಳ ಟೀಚರ್. ಆ ಇನ್ನೊಂದು ವರ್ಷ ಹೇಗಿರುತ್ತದೆ ಅಂತ ನನಗೆ ಗೊತ್ತು. ಅದು ವರ್ಷವಲ್ಲ, ಶಾಲೆಯಿಂದ ಹೊರಗೆ ಹೋಗುವ ಬಾಗಿಲು. ಅಂಥ ಹುಡುಗಿ ಆ ಬೆಂಚಿನ ಮುಂದೆ ಮಾತ್ರ, ಮೊದಮೊದಲು ಪಿಸುಪಿಸು, ಆಮೇಲೆ ನನ್ನನ್ನೂ ಅಜ್ಜನನ್ನೂ ಗದರಿಸುವಷ್ಟು ಮಾತಾಡತೊಡಗಿದಳು. "ಅಪ್ಪಾ, ಕಿವಿ ಎಲ್ಲಿಟ್ಟಿದ್ದೀಯ? ಮತ್ತೆ ಹೇಳ್ತೀನಿ, ಕೇಳು" ಎಂದು ಅವಳು ಅಂದ ದಿನ ನನಗಾದ ಖುಷಿಗೆ ಮನೆ ದಾರಿ ತಪ್ಪಿ ಹೋದೆ.

ಆಗ ತಾವು ತಪಾಸಣೆಗೆ ಬಂದಿರಿ. ಕೋಣೆಯಲ್ಲಿ ಖಾಲಿ ಇದ್ದದ್ದು ಅದೊಂದೇ ಜಾಗ, ಪಾಪ, ಬೆಂಚಿನ ತುದಿಯಲ್ಲಿ ಕೂತಿರಿ. ನನ್ನ ಮುಖ ತಮಗೆ ಗೊತ್ತಿಲ್ಲ ಅನ್ನುವುದನ್ನು ಹೆದರಿಕೆಯಲ್ಲಿ ಮರೆತು ನಾನು ಕರವಸ್ತ್ರದಿಂದ ಮುಖ ಮುಚ್ಚಿಕೊಂಡೆ. ಮಗಳಿಗೆ ನೀವು ಯಾರೆಂದು ಏನು ತಿಳಿಯಬೇಕು? ಹೊಸ ದಡ್ಡರು ಬಂದಿದ್ದಾರೆ ಅಂದುಕೊಂಡು ನೇರ ನಿಮ್ಮ ಮುಂದೆಯೇ ನಿಂತಳು.

"ನಾಲ್ಕು ದೊಡ್ಡದಲ್ವಾ? ಅದಕ್ಕೇ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು," ಅಂದಳು.

ಬೀಗದಜ್ಜ ಹಗುರವಾಗಿ ಬಾಯಿ ಹಾಕಿದರು. "ಹೌದಾ ಮಗಾ? ಯಾಕೆ? ಹಾಗಾದ್ರೆ ಒಂದು ಬನ್ನು ಮೂರು ಜನ ಹಂಚ್ಕೊಳ್ಳೋದು ಯಾಕೆ, ಇನ್ನೊಬ್ರನ್ನೂ ಕರಿ, ನಾಲ್ಕು ಜನ ಆಗ್ಲಿ. ನನ್ನ ಪಾಲು ಇನ್ನೂ ದೊಡ್ಡದಾಗ್ಲಿ."

ಮಗಳು ನಗಲು ಹೊರಟಳು. ಹುಬ್ಬು ಗಂಟಾಯಿತು, ಬೆರಳು ಗಾಳಿಯಲ್ಲಿ ಬನ್ನು ಕತ್ತರಿಸತೊಡಗಿತು. ಇನ್ನೇನು ಹೊಳೆಯಬೇಕು, ಅಷ್ಟರಲ್ಲಿ ತಾವು ಹೇಳಿದಿರಿ: "ತಪ್ಪು. ಮೂರನೇ ಒಂದೇ ದೊಡ್ಡದು."

ಸಾರ್, ತಾವು ಹೇಳಿದ್ದು ಸರಿಯಾಗಿಯೇ ಇತ್ತು, ತೊಂದರೆ ಆಗಿದ್ದೂ ಅದರಿಂದಲೇ. ಮುಚ್ಚಳ ಮುಚ್ಚಿಕೊಂಡಿತು. ಅಷ್ಟಕ್ಕೇ ನಿಲ್ಲದೆ ತಾವು ನಮ್ಮ ಕಡೆ ತಿರುಗಿ, "ಇವರೆಲ್ಲ ಇಲ್ಲಿ ಏನು ಕಲಿತಿದ್ದಾರೆ ನೋಡೋಣ. ವರ್ಷಕ್ಕೆ ಎಷ್ಟು ತಿಂಗಳು?" ಅಂತ ಕೇಳಿದಿರಿ. ನಾವು ಬೆಂಚಿನ ಮೇಲಿದ್ದೆವು. ನಿಯಮ ನಿಯಮವೇ. ಬಾಳಿನ ತುಂಬ ವರ್ಷಗಳನ್ನೇ ಕಂಡ ಬೀಗದಜ್ಜ ಕೈಮುಗಿದು, "ಗೊತ್ತಿಲ್ಲ ಸಾರ್" ಅಂದರು. ನಾನು ಕರವಸ್ತ್ರದೊಳಗಿಂದಲೇ "ಗೊತ್ತಿಲ್ಲ ಸಾರ್" ಅಂದೆ. ದೊಡ್ಡಕ್ಕ ಹಣೆ ಚಚ್ಚಿಕೊಂಡು ವಿವರಿಸಲು ಬರುವಷ್ಟರಲ್ಲಿ ತಾವು ಜೀಪು ಹತ್ತಿಯಾಗಿತ್ತು.

ಮರುದಿನವೇ ಬಾಗಿಲಿಗೆ ನೋಟೀಸು ಬಿತ್ತು: "ಏನನ್ನೂ ಅರಿಯದ ವಯಸ್ಕರ ಜಮಾವಣೆಯಿಂದ ಮಕ್ಕಳ ಕಲಿಕೆಗೆ ಭಂಗ ಉಂಟಾಗುತ್ತಿರುವುದರಿಂದ ಸದರಿ ಬೆಂಚನ್ನು ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಕೋಣೆಯನ್ನೇ ಹಿಂಪಡೆಯಲಾಗುವುದು." ಎಂಥ ಗಟ್ಟಿ ಕನ್ನಡ! ಓದಿ ನನಗೇ ನನ್ನ ಮೇಲೆ ಸಿಟ್ಟು ಬಂತು. ಆದರೂ ಒಂದು ಅನುಮಾನ. ಏನನ್ನೂ ಅರಿಯದವರು ಕಲಿಕೆಗೆ ಭಂಗವಾದರೆ, ಕಲಿತವನು ತನ್ನ ಕಲಿಕೆಯನ್ನು ಹೇಳುವುದು ಯಾರಿಗೆ? ಎಲ್ಲ ಬಲ್ಲವರ ಮುಂದೆ ಬಾಯಿ ಬಿಡಲು ನನಗೆ ಈ ವಯಸ್ಸಿನಲ್ಲೇ ಆಗುವುದಿಲ್ಲ, ಇಲ್ಲದಿದ್ದರೆ ಈ ಕಾಗದ ಯಾಕೆ ಬರೆಯುತ್ತಿದ್ದೆ? ಅವಳಿಗೆ ಹೇಗಾದೀತು? ತಮ್ಮನ್ನು ದೂರುತ್ತಿಲ್ಲ. ನಮ್ಮನ್ನು ಆ ಸ್ಥಿತಿಯಲ್ಲಿ ನೋಡಿದರೆ ಯಾರಾದರೂ ಹಾಗೇ ತಿಳಿಯುತ್ತಿದ್ದರು. ದಡ್ಡತನವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ್ದು ನಮ್ಮದೇ ತಪ್ಪು.

ಈಗ ಬೆಂಚು ಹೊರಗೆ, ನಲ್ಲಿಯ ಪಕ್ಕದಲ್ಲಿದೆ. ಅದರ ಮೇಲೆ ಯಾರದೋ ಬಕೆಟ್ಟು ಕೂರುತ್ತದೆ. ಮಗಳು ಲೆಕ್ಕ ಮಾಡುತ್ತಾಳೆ, ಪುಸ್ತಕ ಮುಚ್ಚುತ್ತಾಳೆ, ಬರುತ್ತಾಳೆ. ಮನೆಯಲ್ಲಿ ನಾನೇ ಚಾಪೆ ಮೇಲೆ ಕೂತು, "ನಂಗೆ ಗೊತ್ತಿಲ್ಲಮ್ಮ, ಹೇಳಿಕೊಡು" ಅಂತ ಗೋಗರೆದೆ.

"ಮನೇಲಿ ನೀನು ಅಪ್ಪ," ಅಂದಳು. "ಬೆಂಚಲ್ಲಾದ್ರೆ ದಡ್ಡ. ದಡ್ಡಂಗೆ ಹೇಳೋದು ಸುಲಭ."

ಪರೀಕ್ಷೆ ಹತ್ತಿರ ಬಂತು ಸಾರ್. ಅವಳು ಬಾಯಿ ಬಿಡಬೇಕು.

ಆದ್ದರಿಂದ ನನ್ನ ಬೇಡಿಕೆ: ಬೆಂಚು ಒಳಗೆ ಬರಬೇಕು. ಬಂದ ಮೇಲೆ ಒಂದು ಸಂಜೆ ತಾವೂ ಬಂದು ಅದೇ ತುದಿಯಲ್ಲಿ ಕೂರಬೇಕು. ಮೂರನೇ ಒಂದು ದೊಡ್ಡದು ಅಂತ ತಮಗೆ ಗೊತ್ತಿದೆ, ತಮ್ಮಿಂದಾಗಿ ಅವಳಿಗೂ ಗೊತ್ತಾಗಿದೆ. ಯಾಕೆ ಅನ್ನುವುದನ್ನು ಅವಳು ತಮಗೆ ಹೇಳುವುದು ಬಾಕಿ ಇದೆ. ತಾವು ಏನೂ ಹೇಳಿಕೊಡಬೇಕಾಗಿಲ್ಲ, ತಾಳಿಕೊಂಡು ಕೂತರೆ ಸಾಕು. ಕಷ್ಟವೇ, ಆದರೆ ಅಜ್ಜ ಕಲಿಸುತ್ತಾರೆ.

ಒಪ್ಪಿಗೆಯಿದ್ದರೆ ಆದೇಶ, ಉತ್ತರ ಏನೂ ಬೇಡ. ನಾಳೆ ಬೆಳಿಗ್ಗೆ ಲಿಫ್ಟಿನಲ್ಲಿ ನಾನು ಎಂದಿನಂತೆ ಬೆನ್ನು ತಿರುಗಿಸಿಕೊಂಡೇ, "ಎಷ್ಟನೇ ಮಹಡಿ ಸಾರ್?" ಅಂತ ಕೇಳುತ್ತೇನೆ. ತಮ್ಮ ಮಹಡಿ ನನಗೆ ತಿಳಿಯದ್ದೇನಲ್ಲ, ಕೇಳುವುದು ರೂಢಿ. ತಾವು "ಗೊತ್ತಿಲ್ಲ" ಅಂದುಬಿಡಿ, ಸಾಕು. ಸಂಜೆಯೇ ಬಕೆಟ್ಟು ಇಳಿಸಿ ಬೆಂಚು ಒರೆಸಿಡುತ್ತೇನೆ.

ಇಂತಿ,
ನಟನೆ ಬಾರದಿದ್ದರೂ ಬೆಂಚಿನಲ್ಲಿ ಜಾಗ ಸಿಕ್ಕಿದ್ದ,
ತಮ್ಮ ಲಿಫ್ಟಿನ ಬೆನ್ನು